ಒತ್ತಿ ಇಡಲಾಗದ ದೇವರು

ಬಸವಣ್ಣನವರ ವಚನಗಳಲ್ಲಿ ನಮ್ಮ ತಲೆಮಾರಿನ ಇಂಜಿನಿಯರುಗಳಿಗೆ ಅತಿ ಪ್ರಿಯವಾದದ್ದು ಯಾವುದು ಅಂತ ಯಾರಾದರೂ ಕೇಳಿದರೆ ಕಣ್ಣುಮುಚ್ಚಿ ಹೇಳಬಲ್ಲೆ. ಅಡಿಗೆಮನೆ, ಓಣಿ, ಅಂಗಡಿಯ ಸಾಮಾನುಗಳನ್ನೆಲ್ಲ ಒಂದೊಂದಾಗಿ ಎಣಿಸಿ, ಇದನ್ನೂ ದೇವರು ಮಾಡಿದಿರಾ, ಅದನ್ನೂ ಮಾಡಿದಿರಾ, ಇನ್ನು ಮನುಷ್ಯ ಓಡಾಡುವುದೆಲ್ಲಿ ಅಂತ ಗೇಲಿ ಮಾಡುವ ವಚನ. ಬಸವ ಜಯಂತಿಯ ದಿನ ಆಫೀಸಿನ ಗ್ರೂಪುಗಳಲ್ಲಿ ಬೆಳಗಿನಿಂದ ಅದೇ ಸುತ್ತುತ್ತದೆ. ಕಳಿಸಿದವರ ಕಾರಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗಾಡುತ್ತಿರುತ್ತವೆ ಅನ್ನೋದು ಬೇರೆ ಮಾತು.

ಆ ವಚನ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದು ಇಷ್ಟು ಜನಪ್ರಿಯ ಆಗಿರುವುದಕ್ಕೆ ಒಂದು ಕಾರಣ, ಅದನ್ನು ಓದುವಾಗ ನಗುವ ಜಾಗದಲ್ಲಿ ನಾವು ನಿಂತಿರುತ್ತೇವೆ. ಮೊರ ಪೂಜಿಸುವವರು ಯಾರೋ ಹಳ್ಳಿಯವರು. ನಾವಲ್ಲ. ಹಾಗಾಗಿ ವಚನ ನಮಗೆ ಏನೂ ಮಾಡದೆ ಸುಮ್ಮನೆ ದಾಟಿಹೋಗುತ್ತದೆ.

ನನಗೆ ಮುಖ್ಯ ಅನಿಸುವುದು ಇನ್ನೊಂದು. ಅದರಲ್ಲಿ ಗೇಲಿ ಕಡಿಮೆ, ಪರೀಕ್ಷೆ ಹೆಚ್ಚು. ನಿನ್ನ ದೇವರು ಬಿಸಿ ತಾಗಿದರೆ ಕರಗುತ್ತದೆಯಾ? ಬೆಂಕಿ ಕಂಡರೆ ಸುರುಟಿಕೊಳ್ಳುತ್ತದೆಯಾ? ಕೈಕಟ್ಟಿದಾಗ ಅದನ್ನ ಮಾರುತ್ತೀಯಾ? ಹೆದರಿಕೆ ಬಂದಾಗ ನೆಲದಲ್ಲಿ ಮುಚ್ಚಿಡುತ್ತೀಯಾ? ಹೌದಾದರೆ ಅದನ್ನು ದೇವರಿಗೆ ಸರಿ ಅಂತ ಹೇಗೆ ಹೇಳಲಿ ಅಂತ ಬಸವಣ್ಣ ಕೇಳುತ್ತಾನೆ. ಮೊದಲೆರಡು ಪ್ರಶ್ನೆ ವಸ್ತುವಿನ ಬಗ್ಗೆ. ಅರಗಿನದೋ, ಕಟ್ಟಿಗೆಯದೋ, ಲೋಹದ್ದೋ. ಕೊನೆಯ ಎರಡು ವಸ್ತುವಿನ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಕಷ್ಟ ಬಂದಾಗ ನೀನು ದೇವರ ಕಡೆ ಹೋಗುತ್ತೀಯೋ, ದೇವರನ್ನೇ ಹೊತ್ತು ಸಾವಕಾರನ ಕಡೆ ಹೋಗುತ್ತೀಯೋ? ಕಾಯಬೇಕಾದವರು ಯಾರು, ಕಾಯಿಸಿಕೊಳ್ಳುವವರು ಯಾರು? ಸುಳ್ಳು ದೇವರು ಅಂದರೆ ಕಲ್ಲಿನ ದೇವರು ಅಂತ ಅರ್ಥ ಮಾಡಿಕೊಂಡವರು ಮೊದಲೆರಡು ಪ್ರಶ್ನೆಗೇ ನಿಂತುಬಿಟ್ಟಿದ್ದಾರೆ.

ಬೀದರ ಜಿಲ್ಲೆಯವನಾಗಿ ನನಗೆ ಈ ಕೊನೆಯ ಎರಡು ಪ್ರಶ್ನೆ ಕಾವ್ಯ ಅನಿಸುವುದಿಲ್ಲ. ನಮ್ಮಲ್ಲಿ ಎರಡೂ ನಡೆದಿವೆ.

1972ರ ಬರದಾಗ ನಮ್ಮ ಆಯಿ ತನ್ನ ಬೆಳ್ಳಿ ಕರಡಿಗಿಯನ್ನ ಭಾಲ್ಕಿಯ ಒಬ್ಬ ಸಾವಕಾರನ ಹತ್ತಿರ ಒತ್ತಿ ಇಟ್ಟಳು. ಗೊತ್ತಿಲ್ಲದವರಿಗೆ ಹೇಳೋದಾದರೆ, ಕರಡಿಗೆ ಅಂದರೆ ಇಷ್ಟಲಿಂಗ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ, ಕೊರಳಲ್ಲಿ ಶಿವದಾರಕ್ಕೆ ಕಟ್ಟಿಕೊಳ್ಳುವುದು. ಲಿಂಗ ಒಳಗೆ, ಬೆಳ್ಳಿ ಹೊರಗೆ. ಸಾವಕಾರ ತೂಗಿದ್ದು ಬೆಳ್ಳಿಯನ್ನ. ಲಿಂಗವನ್ನ ಆಯಿ ಹಳೇ ಸೀರೆ ಅಂಚಿನ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಮನೆಗೆ ಬಂದಳು. ಜೋಳ ಬಂತು, ಕರಡಿಗಿ ತಿರುಗಿ ಬರಲಿಲ್ಲ. ನಾನು ಬಿ.ಇ. ಓದುವಾಗ ಒಮ್ಮೆ, ದೇವರನ್ನ ಒತ್ತಿ ಇಡೋದು ಕೆಟ್ಟ ಅನಿಸಲಿಲ್ಲೇನು ಅಂತ ಕೇಳಿದ್ದೆ. "ಹುಚ್ಚಪ್ಪಾ, ಡಬ್ಬಿ ಒತ್ತಿ ಇಟ್ಟೀನಿ. ದೇವರನ್ನ ಅಂವ ತಗೊಂತಿದ್ದನೇನು? ಅದಕ್ಕ ಬಜಾರದಾಗ ಏನ್ ಬೆಲಿ ಬರ್ತದ?" ಅಂದಳು.

ವಚನ ಸಾಹಿತ್ಯದ ಮೇಲೆ ನಾನು ಕೇಳಿದ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಚೊಕ್ಕದ್ದು ಕಡಿಮೆ. ಸಾವಕಾರನ ತಕ್ಕಡಿಯಲ್ಲಿ ಬೆಲೆ ಬರುವುದೆಲ್ಲ ಡಬ್ಬಿ. ಬೆಲೆ ಬರದೆ ಉಳಿದದ್ದು ಲಿಂಗ. ಲಿಂಗಾಯತರಲ್ಲಿ ಲಿಂಗ ಮಣ್ಣಿಗೆ ಹೋಗುವುದೂ ಒಂದೇ ಸಲ, ಅದನ್ನು ಧರಿಸಿದವರ ಜೊತೆ, ಅವರ ಅಂಗೈಯಲ್ಲಿ. ಅದು ಹೆದರಿಕೆಯ ಹೂಳುವಿಕೆ ಅಲ್ಲ.

ಹೆದರಿಕೆಯ ಹೂಳುವಿಕೆಯೂ ನಮ್ಮ ಹಿರಿಯರಿಗೆ ಗೊತ್ತಿತ್ತು. 1948ರಲ್ಲಿ ರಜಾಕಾರರು ಊರೂರು ನುಗ್ಗುತ್ತಿದ್ದ ತಿಂಗಳುಗಳಲ್ಲಿ, ಗೋರಟಾದ ಸುದ್ದಿ ಬಂದಮೇಲಂತೂ, ನಮ್ಮ ಊರಿನ ಗುಡಿಯ ಬೆಳ್ಳಿ ಮುಖವಾಡವನ್ನ ಹಗೇವಿನಲ್ಲಿ ಹೂತಿಟ್ಟಿದ್ದರಂತೆ. ಸೆಪ್ಟೆಂಬರಿನ ಪೊಲೀಸ್ ಆಕ್ಷನ್ ಆದಮೇಲೆ ಹೆದರಿಕೆ ಓಣಿ ಬದಲಿಸಿತು. ಆಮೇಲೆ ಮುಚ್ಚಿಡುವ, ಬಿಟ್ಟು ಓಡುವ ಪಾಳಿ ಮುಸಲ್ಮಾನರ ಮನೆಗಳದು. ಸುಂದರಲಾಲ್ ಸಮಿತಿಯ ವರದಿಯಲ್ಲಿ ಹೆಚ್ಚು ಹಾನಿಯಾದ ಜಿಲ್ಲೆಗಳ ಸಾಲಿನಲ್ಲಿ ಬೀದರದ ಹೆಸರಿದೆ. ನಮ್ಮ ಕಡೆ ಮೊದಲನೇ ಅರ್ಧವನ್ನ ಜಾತ್ರೆಯಲ್ಲಿ ಮೈಕು ಹಚ್ಚಿ ಹೇಳುತ್ತಾರೆ, ಎರಡನೇ ಅರ್ಧವನ್ನ ದನಿ ಇಳಿಸಿ. ಬಸವಣ್ಣನ ಪರೀಕ್ಷೆಗೆ ಅರ್ಧ ಉತ್ತರ ಬರೆದರೆ ನಡೆಯೋದಿಲ್ಲ.

ಈಗ ನಮ್ಮ ಕಸುಬಿನ ಕಡೆಯಿಂದ ಒಂದು ಆಕ್ಷೇಪಣೆ ಇದೆ, ಅದನ್ನ ಕೇಳಲೇಬೇಕು. ನನ್ನ ಟೀಮಿನ ಒಬ್ಬಾತ ವರ್ಷಕ್ಕೊಮ್ಮೆ ತಿರುಪತಿ, ಧರ್ಮಸ್ಥಳ, ಶಿರಡಿ ಮೂರೂ ಮುಗಿಸುತ್ತಾನೆ. ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಮೇರಿಯಮ್ಮನಿಗೂ ಮೇಣದಬತ್ತಿ. ಕೇಳಿದರೆ, "ಗುರೂ, ಒಂದೇ ಸರ್ವರ್ ನಂಬಿ ಯಾರಾದ್ರೂ ಪ್ರೊಡಕ್ಷನ್‌ಗೆ ಹೋಗ್ತಾರಾ? ಇದು ಫೇಲ್‌ಓವರ್" ಅನ್ನುತ್ತಾನೆ. ಜೋಕು ಚೆನ್ನಾಗಿದೆ. ಅಷ್ಟೇ ಅಲ್ಲ, ಬಹುದೈವದ ಪರವಾಗಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ವಾದ ಇದು. ಆದರೆ ನಾವು ಎರಡನೇ ಸರ್ವರ್ ಇಡುವುದು ಮೊದಲನೆಯದು ಒಂದಲ್ಲ ಒಂದು ದಿನ ಬೀಳುತ್ತದೆ ಅಂತ ಖಚಿತವಾಗಿ ಗೊತ್ತಿರುವುದರಿಂದ. ಹಾಗಾದರೆ ಎರಡನೇ ದೇವರ ಹರಕೆ ಕಟ್ಟಿದ ಗಳಿಗೆಯಲ್ಲೇ ಮೊದಲನೆಯವನ ಬಗ್ಗೆ ತೀರ್ಪು ಬರೆದಾಯಿತು. ಅಲ್ಲಿರುವುದು ನಂಬಿಕೆ ಅಲ್ಲ, ವಿಮೆ. ವಿಮೆ ತಪ್ಪು ಅಂತ ನಾನು ಹೇಳುತ್ತಿಲ್ಲ, ನಾನೂ ಕಂತು ಕಟ್ಟುತ್ತೇನೆ. ಆದರೆ ವಿಮಾ ಏಜೆಂಟನ ಕಾಲಿಗೆ ಬಿದ್ದು ಕಣ್ಣೀರು ಹಾಕುವವರನ್ನ ನಾನು ನೋಡಿಲ್ಲ.

ಈ ಕಡ್ಡಿಯನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ಜಿಲ್ಲೆಗೆ ಹೋದರೆ ಮಾತ್ರ ಲೆಕ್ಕ ತಪ್ಪುತ್ತದೆ. ಯಾಕೆ ಅಂತ ಹೇಳುತ್ತೇನೆ.

ಬೀದರ ಊರಿನ ಸುತ್ತ ಒಂದು ರೌಂಡು ಹಾಕಿ. ಝರಣಿ ನರಸಿಂಹನ ಗುಹೆಯಲ್ಲಿ ಸುಮಾರು 300 ಮೀಟರು ಎದೆಮಟ್ಟದ ನೀರಲ್ಲಿ ನಡೆದು ಹೋಗಬೇಕು, ತಲೆಯ ಮೇಲೆ ಬಾವಲಿ, ಹೆಗಲ ಮೇಲೆ ಕೂಸು. ಅಲ್ಲಿಂದ ಗುರುನಾನಕ ಝೀರಾ. ನಾನಕರು ಕಲ್ಲು ಸರಿಸಿದರು, ಸಿಹಿನೀರು ಬಂತು ಅಂತ ಪ್ರತೀತಿ. ಮೂರ್ತಿ ಬೇಡ, ಒಬ್ಬನೇ ಅಂದ ಗುರುವಿನ ಜಾಗ ಅದು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಅಂದಾಗ ಎದ್ದುನಿಂತ ಐವರಲ್ಲಿ ಒಬ್ಬ ಬೀದರದ ಹಡಪದ ಸಾಹಿಬ್ ಚಂದ್. ನಂಬಿಕೆ ಅಂದರೆ ಏನು ಅಂತ ಕೇಳುವವರಿಗೆ ಅದೊಂದು ಉದಾಹರಣೆ ಸಾಕು. ಇಲ್ಲೂ ಯಾತ್ರಿಕರು ನೀರನ್ನ ಬಾಟಲಿಗೆ ತುಂಬಿಕೊಂಡು ಹೋಗುತ್ತಾರೆ. ತುಂಬಿಕೊಳ್ಳಲಿ ಬಿಡಿ, ನೀರು ಸಿಹಿಯಾಗಿಯೇ ಇದೆ.

ಆಮೇಲೆ ಅಷ್ಟೂರು. ನನ್ನ ಅಳತೆಗೋಲು ಮುರಿಯುವುದು ಇಲ್ಲೇ. ರಾಜಧಾನಿಯನ್ನ ಕಲಬುರಗಿಯಿಂದ ಬೀದರಕ್ಕೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿ. 1436ರಲ್ಲಿ ತೀರಿಕೊಂಡ ಈತ ಮುಸಲ್ಮಾನರಿಗೆ ವಲಿ, ನಮ್ಮವರಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ನಡೆದುಕೊಂಡು ಬರುತ್ತಾರೆ, ಕಾಯಿ ಒಡೆಯುತ್ತಾರೆ. ಅಲ್ಲಮ ಗುಹೇಶ್ವರನನ್ನೂ ಬಯಲು ಮಾಡಿದ ಮನುಷ್ಯ. ಅವನಿಗೆ ಗೋರಿ, ಅದೂ ಸುಲ್ತಾನನದು, ಮೇಲೊಂದು ಚಾದರ! ಬಸವಣ್ಣನ ಪಟ್ಟಿ ಹಿಡಿದು ಕೂತರೆ ಇದಕ್ಕೆ ಸೊನ್ನೆ ಅಂಕ. ಆದರೆ ಅಲ್ಲಿ ಬಂದ ಜನ ಫೇಲ್‌ಓವರ್ ಮಾಡುತ್ತಿಲ್ಲ. ಮಾಡ್ಯಾಳದವರು ಅಲ್ಲಮನನ್ನು ಬಿಟ್ಟು ಸುಲ್ತಾನನ ಹತ್ತಿರ ಬಂದಿಲ್ಲ. ಸುಲ್ತಾನನಲ್ಲೂ ಅವನೇ ಇದ್ದಾನೆ ಅಂತ ಬಂದಿದ್ದಾರೆ. ಎರಡು ಜಾಗ ಇದ್ದ ಮಾತ್ರಕ್ಕೆ ಎರಡು ದೇವರು ಆಗಲಿಲ್ಲ. ಹಾಗೇ ಒಂದೇ ದೇವರ ಹೆಸರು ಹೇಳಿದ ಮಾತ್ರಕ್ಕೆ ಎಲ್ಲರೂ ಒಬ್ಬನನ್ನೇ ನಂಬಿದ್ದಾರೆ ಅಂತಲೂ ಅಲ್ಲ. ಹಗೇವು ತೆಗೆದವರನ್ನ ಕೇಳಿ.

ಭಾಲ್ಕಿ ಸೀಮೆಯ ಖಾನಾಪುರದ ಮೈಲಾರ ಮಲ್ಲಣ್ಣನ ಬಗ್ಗೆ ಒಂದು ಮಾತು. ಭಂಡಾರ ತೂರಿ ತೂರಿ ಅಲ್ಲಿ ನೆಲವೇ ಹಳದಿ. ಬಸವಣ್ಣನ ಬಳಗ ಮೈಲಾರ, ಭೈರವರನ್ನೆಲ್ಲ ಹೆಸರು ಹಿಡಿದೇ ಬೈದಿದೆ. ಆದರೆ ಅಲ್ಲಿ ಹರಕೆ ಹೊತ್ತು ನಿಂತ ಹೆಣ್ಣುಮಗಳನ್ನ ಬೈಯುವ ಮೊದಲು ಅವಳು ಔರಾದ ಕಡೆಯ ಯಾವುದೋ ತಾಂಡಾದಿಂದ ಬಂದಿರಬಹುದು ಅಂತ ನೆನಪಿಟ್ಟುಕೊಳ್ಳಿ. 2002ರ ನಂಜುಂಡಪ್ಪ ವರದಿಯಲ್ಲಿ ಔರಾದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ ಒಂದು. ಕೂಸಿಗೆ ಜ್ವರ ಬಂದು ಮೂರು ದಿನ ಆಗಿದೆ, ಡಾಕ್ಟರು ದೂರ, ಬಸ್ಸು ಬರಲಿಲ್ಲ. ಅವಳಿಗೆ ಏಕದೇವೋಪಾಸನೆಯ ಪಾಠ ಹೇಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ. ಬೆಂಗಳೂರಿನಲ್ಲಿ ಮೂರು ಆಸ್ಪತ್ರೆಯ ನಡುವೆ ಫ್ಲಾಟು ಮಾಡಿಕೊಂಡು, ಅಪ್ಪನಿಗೆ ಕೆಮ್ಮು ಬಂದರೆ ಮೂರು ಜ್ಯೋತಿಷ್ಯದ ಆ್ಯಪು ತೆರೆಯುವವನ ಕಥೆ ಬೇರೆ. ಇಬ್ಬರನ್ನೂ ಒಂದೇ ಪದದಲ್ಲಿ ಮೂಢನಂಬಿಕೆ ಅಂತ ಮುಗಿಸುವುದು ಸೋಮಾರಿತನ. ಒಬ್ಬಳಿಗೆ ಬೇರೆ ದಾರಿ ಇಲ್ಲ, ಇನ್ನೊಬ್ಬನಿಗೆ ಇರುವ ಯಾವ ದಾರಿಯ ಮೇಲೂ ಭರೋಸಾ ಇಲ್ಲ.

ಭರೋಸಾ. ಬೀದರದಲ್ಲಿ ನಂಬಿಕೆ ಅನ್ನುವುದಕ್ಕಿಂತ ಇದೇ ಹೆಚ್ಚು ಓಡುವ ಮಾತು. ಕಿರಾಣಿಯವ ಉದ್ರಿ ಬರೆಯುವುದು ಇದರ ಮೇಲೆ, ದೇವಣಿ ಎತ್ತಿನ ವ್ಯಾಪಾರ ಕುದುರುವುದು ಇದರ ಮೇಲೆ, ಔರಾದದ ಅಮರೇಶ್ವರನ ಮುಂದೆ ಕೈಮುಗಿಯುವುದೂ ಇದರ ಮೇಲೆ. "ನಂಬ್ತೀನಿ" ಅಂದರೆ ದೇವರು ಇದ್ದಾನೆ ಅಂತ ಒಪ್ಪಿಕೊಂಡ ಹಾಗೆ. "ಭರೋಸಾ ಅದ" ಅಂದರೆ ಅವನ ಲೆಕ್ಕದ ಮೇಲೆ ನಾನು ಇವತ್ತು ಒಂದು ಕೆಲಸಕ್ಕೆ ಕೈಹಾಕಿದ್ದೇನೆ ಅಂತ. ನನ್ನ ಕಿವಿಗೆ ಬಸವಣ್ಣನ ಪರೀಕ್ಷೆ ಎರಡನೆಯದರ ಬಗ್ಗೆಯೇ ಕೇಳಿಸುತ್ತದೆ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನೂರು ವರ್ಷ ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ನಿಜಾಮನ ಕಾಲದಲ್ಲಿ ಕನ್ನಡ ಕಲಿಸುವುದು ಕಷ್ಟ ಇದ್ದಾಗ ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಅನ್ನುವುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಇದನ್ನ ಸಾಮಾನ್ಯವಾಗಿ ಜಾಣತನದ ಕಥೆ ಅಂತ ಹೇಳುತ್ತಾರೆ, ಅಥವಾ ಭಾಷಾಭಿಮಾನದ ಕಥೆ ಅಂತ. ನನಗೆ ಅದು ಆಯಿಯ ಡಬ್ಬಿಯ ಕಥೆಯೇ. ಬೋರ್ಡು ಕರಡಿಗೆ. ಅದರ ಮೇಲೆ ಏನು ಬರೆದಿದೆ ಅಂತ ಅವರು ಜಗಳ ತೆಗೆಯಲಿಲ್ಲ, ಒಳಗಿನದನ್ನ ಬಿಡಲಿಲ್ಲ. ಇವತ್ತಿನ ನಮ್ಮ ಅಭಿಮಾನ ಇದರ ತದ್ವಿರುದ್ಧ. ಬೋರ್ಡು ಶುದ್ಧ ಕನ್ನಡ, ಒಳಗೆ ಏನಿದೆ ಅಂತ ಕೇಳಬೇಡಿ.

ಅಷ್ಟಾದರೂ ಭಾಲ್ಕಿಯಲ್ಲಿ ಈಗ ಅವರ ಫೋಟೋಕ್ಕೆ ಹಾರ ಹಾಕದ ಅಂಗಡಿ ಕಡಿಮೆ. ಬಸವಣ್ಣನಿಗೆ ಆದದ್ದು ಇನ್ನೂ ದೊಡ್ಡದು. ಬಸವಕಲ್ಯಾಣದಲ್ಲಿ 2012ರಿಂದ 108 ಅಡಿಯ ಬಸವಣ್ಣ ಕೂತಿದ್ದಾನೆ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಘೋಷಿಸಿದ ಅಂದಾಜು ಸುಮಾರು 500 ಕೋಟಿ, ನಕ್ಷೆಯಲ್ಲಿ 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬ. ಉಳ್ಳವರು ಗುಡಿ ಕಟ್ಟಿಸಿಕೊಳ್ಳಲಿ, ನನಗೆ ನನ್ನ ಮೈಯೇ ಗುಡಿ ಅಂತ ಹೇಳಿ, ತನ್ನ ಎರಡು ಕಾಲುಗಳನ್ನೇ ಕಂಬ ಅಂತ ತೋರಿಸಿದ ಕವಿಗೆ 770 ಕಂಬ! ಎ.ಕೆ. ರಾಮಾನುಜನ್ 1973ರಲ್ಲಿ ತಮ್ಮ 'ಸ್ಪೀಕಿಂಗ್ ಆಫ್ ಶಿವ' ಪುಸ್ತಕದ ಮುನ್ನುಡಿಯನ್ನ ಆ ಒಂದು ವಚನ ಹಿಡಿದೇ ಶುರು ಮಾಡಿದರು. ಅದನ್ನ ಓದಿ ಪ್ರಪಂಚ ಎಲ್ಲೆಲ್ಲಿಂದಲೋ ಕಲ್ಯಾಣ ಹುಡುಕಿಕೊಂಡು ಬರುತ್ತದೆ. ಬಂದವರಿಗೆ ನಾವು ಕಂಬ ಎಣಿಸಿ ತೋರಿಸಬೇಕು.

ಕಟ್ಟಲೇಬಾರದು ಅನ್ನುವಷ್ಟು ಕಟ್ಟಾ ಅಲ್ಲ ನಾನು. ಪಟ್ಟದ್ದೇವರೂ ಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿಸಿದವರೇ, ಊರೂರು ತಿರುಗಿ ಜೋಳಿಗೆ ಹಿಡಿದು. ನಮ್ಮಂಥ ಜಿಲ್ಲೆಗೆ ನಾಲ್ಕು ಜನ ಪ್ರವಾಸಿಗರು ಬಂದರೆ ಚಹಾದಂಗಡಿಯವನಿಗೆ ಒಳ್ಳೆಯದು. ನನ್ನ ತಕರಾರು ಎತ್ತರದ ಬಗ್ಗೆ ಅಲ್ಲ. ಮೂರ್ತಿ ನಿಂತ ಮೇಲೆ ಅದನ್ನ ಕಾಯುವ ಕೆಲಸ ಶುರುವಾಗುತ್ತದೆ. ಬಸವಣ್ಣನಿಗೆ ಅವಮಾನ ಆಯಿತು ಅಂತ ಬಂದ್ ಆಗುತ್ತದೆ, ಅವನ ಬಗ್ಗೆ ಹೀಗೆ ಬರೆಯಬಾರದು ಅಂತ ಫರ್ಮಾನು ಹೊರಡುತ್ತದೆ. ಎಂ.ಎಂ. ಕಲಬುರ್ಗಿ ತಮ್ಮ 'ಮಾರ್ಗ'ದಲ್ಲಿ ಬರೆದ ಕೆಲವು ಪುಟಗಳಿಗಾಗಿ 1989ರಲ್ಲಿ ಏನೆಲ್ಲ ಎದುರಿಸಬೇಕಾಯಿತು ಅನ್ನುವುದು ಗೊತ್ತಿರುವ ಚರಿತ್ರೆ. ಅವರು ವಚನಗಳ ಶತ್ರು ಅಲ್ಲ, ಸಮಗ್ರ ವಚನ ಸಂಪುಟಗಳ ಹಿಂದೆ ನಿಂತ ಸಂಪಾದಕ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಅಷ್ಟೊತ್ತಿಗೆ ವಿಷಯ ಬೇರೆ, ಸಿಟ್ಟಾದವರು ಬೇರೆ. ಆದರೆ ನಮ್ಮ ದೇವರಿಗೆ ನಾವೇ ಕಾವಲು ಅನ್ನುವ ಹಮ್ಮು ಎಲ್ಲ ಕಡೆಯೂ ಒಂದೇ ಬಣ್ಣದ್ದು. ಕಾವಲು ಬೇಕಾದ ದೇವರು ಪರೀಕ್ಷೆಯಲ್ಲಿ ಎಷ್ಟನೇ ಪ್ರಶ್ನೆಗೆ ಬೀಳುತ್ತಾನೆ ನೋಡಿಕೊಳ್ಳಿ.

ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಶಿಕ್ಷೆ ಆಗಿ ಊರೇ ಹೊತ್ತಿಕೊಂಡಾಗ ಶರಣರೂ ಓಡಿದರಲ್ಲ? ಓಲೆಗರಿ ಹೊತ್ತು ಉಳವಿಯ ಕಡೆ ಹೋದರು, ಎಲ್ಲೆಲ್ಲೋ ಬಚ್ಚಿಟ್ಟರು ಅಂತ ನಾವೇ ಹೇಳುತ್ತೇವೆ. ಹಾಗಾದರೆ ಅವರೂ ಹೆದರಿಕೆಗೆ ಮುಚ್ಚಿಟ್ಟವರೇ ತಾನೇ? ಮುಚ್ಚಿಟ್ಟದ್ದು ಗರಿಗಳನ್ನ. ಗರಿ ದೇವರು ಅಂತ ಅವರಾರೂ ಹೇಳಿರಲಿಲ್ಲ. ಅವರು ಕಾಪಾಡಿದ್ದು ಮಾತನ್ನ, ಇನ್ನೊಬ್ಬರಿಗೆ ಮುಟ್ಟಿಸಲಿಕ್ಕೆ. ಅದೇ ಗರಿಗಳನ್ನ ಏಳು ನೂರು ವರ್ಷ ಕಳೆದ ಮೇಲೆ ಮನೆಮನೆ ತಿರುಗಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ತಂದವರು ಬಿಜಾಪುರದ ವಕೀಲ ಫ.ಗು. ಹಳಕಟ್ಟಿ. ಛಾಪಿಸಲು ಮುದ್ರಣಾಲಯ ಬೇಕಾದಾಗ ಇದ್ದ ಮನೆ ಮಾರಿದರು. ಕಷ್ಟ ಬಂದಾಗ ದೇವರನ್ನ ಮಾರಿ ಮನೆ ಉಳಿಸಿಕೊಳ್ಳುವವರನ್ನ ಬಸವಣ್ಣ ಕೇಳಿದ್ದ. ಈ ಮನುಷ್ಯ ಉತ್ತರವನ್ನ ತಿರುವುಮುರುವಾಗಿ ಬರೆದ.

ಇಷ್ಟೆಲ್ಲ ಒಪ್ಪಿಕೊಂಡರೂ ಬಸವಣ್ಣನ ಜೊತೆ ನನಗೊಂದು ಜಗಳ ಉಳಿದಿದೆ. ಒಬ್ಬನನ್ನೇ ನಂಬು ಅನ್ನುವುದಕ್ಕೆ ಅವನು ಎತ್ತಿಕೊಳ್ಳುವ ಹೋಲಿಕೆ ಗಂಡ ಹೆಂಡತಿಯದು. ಹೆಂಡತಿಗೆ ಒಬ್ಬ ಗಂಡ, ಭಕ್ತನಿಗೆ ಒಬ್ಬ ದೇವ. ಬೇರೆ ದೇವರ ಹತ್ತಿರ ಹೋದರೆ ಅದು ಹಾದರ, ಸಂಗಮದೇವ ಕಂಡರೆ ಮೂಗು ಉಳಿಯುವುದಿಲ್ಲ ಅಂತ ಬೆದರಿಕೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಮೂಗು ಕೊಯ್ಯುವ ಬೆದರಿಕೆಯನ್ನ ಬರೀ ಅಲಂಕಾರ ಅಂತ ಕೇಳಿಸಿಕೊಳ್ಳಲು ಆಗುವುದಿಲ್ಲ. ಆ ಹೋಲಿಕೆಯಲ್ಲಿ ನಂಬಿಕೆಯ ಬುಡದಲ್ಲಿ ಹೆದರಿಕೆ ಕೂತಿದೆ. ದೇವರನ್ನ ಹೆದರಿ ಹೂಳಬೇಡ ಅಂದವನೇ, ದೇವರಿಗೆ ಹೆದರಿ ಒಬ್ಬನಿಗೇ ಅಂಟಿಕೊ ಅಂದಂತಾಯಿತು. ಪ್ರವಚನಗಳಲ್ಲಿ ಈ ಸಾಲು ಬಂದಾಗ ಗಂಡಸರು ತಲೆದೂಗುತ್ತಾರೆ. ಹೆಂಗಸರ ಕಡೆ ನೋಡಿದರೆ ಅವರು ಸೆರಗು ಸರಿಮಾಡಿಕೊಳ್ಳುತ್ತಿರುತ್ತಾರೆ.

ಇದಕ್ಕೆ ಉತ್ತರ ಅದೇ ಬಳಗದಲ್ಲೇ ಇದೆ, ನಮಗೆ ಕಡಿಮೆ ಗೊತ್ತಿರುವವಳ ಹತ್ತಿರ. ಸೂಳೆ ಸಂಕವ್ವೆ. ಅವಳದು ಅಂತ ಉಳಿದಿರುವುದು ಒಂದೇ ಒಂದು ವಚನ, ಅಂಕಿತ ನಿರ್ಲಜ್ಜೇಶ್ವರ. ಅವಳು ಪತಿವ್ರತೆಯ ಮಾತು ಎತ್ತುವುದೇ ಇಲ್ಲ, ಅವಳ ಕಸುಬಿನಲ್ಲಿ ಅದು ನಡೆಯುವ ನಾಣ್ಯ ಅಲ್ಲ. ಅವಳು ಹೇಳುವುದು ವ್ಯವಹಾರದ ಮಾತು. ಒಬ್ಬನ ಒತ್ತೆ ಹಿಡಿದ ಮೇಲೆ ಇನ್ನೊಬ್ಬನದಕ್ಕೆ ಕೈಚಾಚುವುದಿಲ್ಲ. ಚಾಚಿದರೆ ತನಗೆ ಜನ ಏನು ಗತಿ ಕಾಣಿಸುತ್ತಾರೆ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ. ಶಿಕ್ಷೆ ಅಲ್ಲೂ ಇದೆ, ಕ್ರೂರವಾಗಿಯೇ ಇದೆ. ಆದರೆ ಬೆದರಿಸುತ್ತಿರುವವನು ದೇವರಲ್ಲ, ಊರು. ದೇವರ ಮುಂದೆ ಅವಳು ನಿಂತಿರುವುದು ಕೊಟ್ಟ ಮಾತು ಉಳಿಸಿಕೊಂಡ ಕಸುಬುದಾರಳಾಗಿ, ನಾಚಿಕೆ ಇಲ್ಲದ ದೇವರ ಮುಂದೆ ನಾಚಿಕೆಪಡದೆ.

ಆ ಒತ್ತೆ ಅನ್ನುವ ಪದ ನೋಡಿ. ಭಾಲ್ಕಿಯಲ್ಲಿ ಬೆಳ್ಳಿ, ಹೊಲ ಇಡುವಾಗ ನಾವು ಇವತ್ತಿಗೂ ಒತ್ತಿ ಅನ್ನುತ್ತೇವೆ. ಸಂಕವ್ವೆ ದೇವರನ್ನ ಒತ್ತಿ ಇಡಲಿಲ್ಲ. ದೇವರಿಂದ ಒತ್ತೆ ಹಿಡಿದಳು. ಪಠ್ಯಪುಸ್ತಕ ಮಾಡುವವರು ಅವಳ ಹೆಸರಿನ ಮೊದಲ ಪದಕ್ಕೆ ಮುಜುಗರಪಟ್ಟುಕೊಂಡು ಆ ವಚನವನ್ನ ಮಕ್ಕಳ ಮುಂದೆ ತರುವುದಿಲ್ಲ. ಬಸವ ಜಯಂತಿಯ ಗ್ರೂಪುಗಳಲ್ಲೂ ಅದು ಬಂದದ್ದನ್ನ ನಾನು ಈವರೆಗೆ ನೋಡಿಲ್ಲ.